ವೃತ್ತಪತ್ರಿಕೆಯಿಂದ ದುರ್ಗದ ಅರಸರ ಕಥೆಗೆ

ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ನೆಯ ಇಸವಿ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಮೈಸೂರಿನ ಮೊದಲ ಬಾನುಲಿ ಪ್ರಸಾರವನ್ನು ನಡೆಸಿದರು. ಬಾನುಲಿಯಲ್ಲಿ ಆಡಿದ ಮಾತು ಒಮ್ಮೆ ಕೇಳಿದೊಡನೆಯೇ ಅರ್ಥವಾಗಬೇಕು. ಶ್ರೋತೃಗಳು ಪುಟವನ್ನು ಹಿಂದಕ್ಕೆ ತಿರುವಿ ನೋಡಲಾರರು. ವೃತ್ತಪತ್ರಿಕೆಯ ಬರಹಕ್ಕೂ ಬಹುಮಟ್ಟಿಗೆ ಇದೇ ನಿಯಮ. ಈ ನಿಯಮದಲ್ಲಿ ಪಳಗಿದ ಲೇಖನಿಯು ಅರಸುಮನೆತನವೊಂದರ ಚರಿತ್ರೆಯನ್ನು ಬರೆಯಹೊರಟರೆ ಏನಾಗುವುದು? ಒಂಟಿಕೊಪ್ಪಲಿನ ನೆರೆಯ ಯಾದವಗಿರಿಯಲ್ಲಿ ಬಾಳಿದ ತ. ರಾ. ಸುಬ್ಬರಾಯರ ಜೀವಿತದಲ್ಲಿ ಇದಕ್ಕೆ ಉತ್ತರವುಂಟು.

ಸುಬ್ಬರಾಯರು 1920ರ ಏಪ್ರಿಲ್ 21ರಂದು ಮಲೆಬೆನ್ನೂರಿನಲ್ಲಿ ಜನಿಸಿದರು. ಮನೆತನದ ಊರು ಚಳ್ಳಕೆರೆ ಸೀಮೆಯ ತಳುಕು. ಮಹಾರಾಜಾ ಕಾಲೇಜಿನಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದ ಟಿ. ಎಸ್. ವೆಂಕಣ್ಣಯ್ಯನವರು ಅವರ ದೊಡ್ಡಪ್ಪಂದಿರು. 1942ರ ಚಳವಳಿಯಲ್ಲಿ ಸೆರೆಮನೆಯನ್ನು ಕಂಡ ಸುಬ್ಬರಾಯರು 'ವಿಶ್ವಕರ್ನಾಟಕ' ಮೊದಲಾದ ಪತ್ರಿಕೆಗಳಲ್ಲಿ ದುಡಿದು, ಕ್ರಮೇಣ ಕಾದಂಬರಿಯನ್ನೇ ಜೀವನವೃತ್ತಿಯನ್ನಾಗಿ ಮಾಡಿಕೊಂಡರು. ದುರ್ಗದ ಪಾಳೆಯಗಾರರನ್ನು ಕುರಿತು 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ'ಗಳನ್ನು ಬರೆದರು. ಕಟ್ಟಕಡೆಗೆ 'ದುರ್ಗಾಸ್ತಮಾನ'ವನ್ನು ರಚಿಸಿದರು. 1984ರಲ್ಲಿ ಅವರು ಕಾಲವಾದರು. ಮರುವರ್ಷ ಈ ಗ್ರಂಥಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಸಂದಿತು.

ಪತ್ರಿಕಾವೃತ್ತಿಯ ಶಿಕ್ಷಣವು ಇಲ್ಲೆಲ್ಲ ಕೆಲಸಮಾಡಿದೆ. ಘಟನೆ ಎಲ್ಲಿ ನಡೆಯಿತು, ಯಾರು ನಿಂತಿದ್ದರು, ಯಾರು ಏನೆಂದರು ಎಂಬುದನ್ನು ಅವರು ಮೊದಲೇ ತಿಳಿಸಿಬಿಡುತ್ತಾರೆ. ಮನೆಯ ಹೆಂಗಸರೂ ಅಂಗಡಿಯ ಗುಮಾಸ್ತರೂ ಇವನ್ನು ಓದಿದುದು ಈ ಕಾರಣದಿಂದ.

ಇನ್ನು, ಈ ಬರಹಗಳಿಂದ ನಮಗಾದ ಲಾಭವೇನೆಂಬುದನ್ನು ವಿಚಾರಮಾಡೋಣ. 1779ರಲ್ಲಿ ಹೈದರಾಲಿಯು ಚಿತ್ರದುರ್ಗವನ್ನು ಹಿಡಿದನು. ಮದಕರಿನಾಯಕನು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದನು. ಸುಮಾರು 20,000 ಮಂದಿ ಬೇಡರನ್ನೂ ಅಲ್ಲಿಗೆ ಸಾಗಿಸಲಾಯಿತೆಂದು ರೈಸ್ ಸಾಹೇಬರ ಗೆಜೆಟಿಯರಿನಲ್ಲಿದೆ. ರಾಜಧಾನಿಯ ಕಡೆಯಿಂದ ನೋಡುವವರಿಗೆ ಇದು ರಾಜ್ಯವಿಸ್ತಾರದ ಒಂದು ಪ್ರಕರಣ, ನಾಲ್ಕಾರು ವಾಕ್ಯಗಳ ಸಂಗತಿ. ಸುಬ್ಬರಾಯರಾದರೋ ಕೋಟೆಯ ಒಳಗೆ ನಿಂತು ನೋಡಿದರು. ಸೋತವರಿಗೂ ಮನೆಮಠ, ಸ್ವಾಮಿಭಕ್ತಿ, ಒಳಜಗಳಗಳಿದ್ದುವೆಂದು ಮೈಸೂರಿನ ಓದುಗರಿಗೆ ಮನವರಿಕೆಯಾಯಿತು.

ಆದರೆ ಇಲ್ಲಿಯೇ ಒಂದು ಎಚ್ಚರವೂ ಅಗತ್ಯ. ಮದಕರಿಯು ಅಂತರಂಗದಲ್ಲಿ ಹೇಳಿಕೊಳ್ಳುವ ಮಾತುಗಳನ್ನು ಕೇಳಿ ಬರೆದಿಟ್ಟವರಿಲ್ಲ. ಅವು ಕಾದಂಬರಿಕಾರರ ಸೃಷ್ಟಿ. ಕಾಲೇಜಿನ ಹುಡುಗರು ಆ ಸಂಭಾಷಣೆಗಳನ್ನೇ ಚರಿತ್ರೆಯ ಪ್ರಮಾಣವೆಂದು ಉತ್ತರಪತ್ರಿಕೆಯಲ್ಲಿ ಬರೆದುದನ್ನು ನಾವು ತಿದ್ದಬೇಕಾದ ಪ್ರಸಂಗಗಳುಂಟು. ತಪ್ಪು ಹುಡುಗರದೆಂದು ಹೇಳಲಾರೆವು. ಕಾದಂಬರಿಯನ್ನು ಕೈಗಿತ್ತ ನಾವು ಅದರೊಡನೆ ಎಂ. ಎಸ್. ಪುಟ್ಟಣ್ಣನವರ 'ಚಿತ್ರದುರ್ಗದ ಪಾಳೆಯಗಾರರು' ಗ್ರಂಥವನ್ನು ಕೊಡಲಿಲ್ಲ. ಹುಲ್ಲೂರು ಶ್ರೀನಿವಾಸ ಜೋಯಿಸರು ಶ್ರಮಪಟ್ಟು ಕೂಡಿಸಿದ ಆಧಾರಗಳ ವಿಷಯವನ್ನೂ ತಿಳಿಸಲಿಲ್ಲ. ಅರಸನೊಬ್ಬನ ಹೆಸರನ್ನು ಹಿಡಿದು ಜನರು ಅಭಿಮಾನಪಡುವಾಗಲೂ ಮುನಿಯುವಾಗಲೂ, ಯಾವುದು ದಾಖಲೆ, ಯಾವುದು ಕಲ್ಪನೆ ಎಂಬ ವಿವೇಕವು ಉಳಿಯಬೇಕು. ಅದಿಲ್ಲದಿದ್ದರೆ ಹಳೆಯ ಯುದ್ಧವು ಹೊಸ ಜಗಳವಾಗುತ್ತದೆ.

ಶ್ರೀರಂಗಪಟ್ಟಣವು ನಮಗೆ ಹತ್ತು ಮೈಲಿಯೊಳಗಿನ ಊರು. ಅಲ್ಲಿಗೆ ಹೋಗುವವರು ಹೈದರನ ಗೋರಿಯನ್ನು ತಪ್ಪದೆ ನೋಡುತ್ತಾರೆ. ಈಚೆಗೆ ಕೆಲವರು ದುರ್ಗದ ಸೆರೆಯಾಳನ್ನೂ ನೆನೆಯುತ್ತಾರೆ. ಆ ನೆನಪನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಸುಬ್ಬರಾಯರು ಮೊದಲಿಗರು. ಅದನ್ನು ಪರೀಕ್ಷಿಸಿ ಕಾಪಾಡುವ ಕೆಲಸವು ಓದುಗರಾದ ನಮ್ಮದು.