ಕೊಳವೆಯ ಕೀಲು

(ಅಂತಿಮ ಬಿ.ಎ. ವಿದ್ಯಾರ್ಥಿ)

ಉಣ್ಣುವ ಮಾತು ಎಲ್ಲರಿಗೂ ಪ್ರಿಯ. ಉಂಡದ್ದು ಹೋಗುವ ದಾರಿಯ ಮಾತು ಯಾರಿಗೂ ಬೇಡ. ಇತಿಹಾಸ, ಅರ್ಥಶಾಸ್ತ್ರ ಓದುವವನಿಗೆ ಈ ಹೊಲಸಿನ ಗೊಡವೆ ಏಕೆಂದು ಸಹಪಾಠಿಗಳು ನಗಬಹುದು. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಹಿತ್ತಲಲ್ಲಿ ನಡೆದುದನ್ನು ಕಂಡಿದ್ದರೆ ಅವರೂ ನಗುತ್ತಿರಲಿಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ ಮನೆಗಳು ಗುಡ್ಡದ ಮೇಲೊಂದು, ತೋಟದ ತಲೆಗೊಂದು. ಹಳ್ಳಿಮನೆಗೆ ಒಳಚರಂಡಿಯಿಲ್ಲ, ಶೌಚದ ಗುಂಡಿಯೇ ಗತಿ. ಅದು ತುಂಬಿದಾಗ ಸಕ್ಕಿಂಗ್ ಲಾರಿಯನ್ನು ಕರೆಸುತ್ತೇವೆ. ಲಾರಿ ರಸ್ತೆಯಲ್ಲೇ ನಿಲ್ಲಬೇಕು. ಅಲ್ಲಿಂದ ಗುಂಡಿಯವರೆಗೆ ತುಂಡು ಪೈಪುಗಳನ್ನು ಒಂದಕ್ಕೊಂದು ಸೇರಿಸಬೇಕು. ಅಂದು ಐದು ಕಡೆ ಸೇರಿಸಿದ್ದರು. ಪ್ರತಿ ಕೀಲಿಗೂ ಹಳೆಯ ಸೈಕಲ್ ಟ್ಯೂಬು ಸುತ್ತಿ ತಂತಿ ಬಿಗಿದಿದ್ದರು. ಪಂಪು ಭೋರಿಟ್ಟಿತು, ಗುಂಡಿ ಇಳಿಯಲಿಲ್ಲ. ತಳದಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ನನ್ನದೇ ವಯಸ್ಸಿನ ಹುಡುಗನೊಬ್ಬ ಇಳಿಯಲು ಅಂಗಿ ಬಿಚ್ಚಿದ. “ಬ್ಯಾಡ ಮಗ, ಇಳಿಬ್ಯಾಡ” ಎಂದು ಅವನ ಕೈ ಹಿಡಿದು ನಿಲ್ಲಿಸಿದವಳು ಅಕ್ಷರ ಕಲಿಯದ ನನ್ನ ತಾಯಿ. ಆಮೇಲೆ ನೋಡಿದರೆ ತಳದಲ್ಲಿ ಏನೂ ಇರಲಿಲ್ಲ. ಮೂರನೆಯ ಕೀಲು ಸಡಿಲವಾಗಿತ್ತು.

ಕೀಲಿಗೂ ಗುಂಡಿಗೂ ಏನು ಸಂಬಂಧ? ಲಾರಿ ಹೊಲಸನ್ನು ಎಳೆಯುತ್ತದೆ ಎನ್ನುವುದು ರೂಢಿಯ ಮಾತು. ನಿಜವಾಗಿ ಪಂಪು ಲಾರಿಯ ತೊಟ್ಟಿಯೊಳಗಿನ ಗಾಳಿಯನ್ನು ಹೊರಹಾಕುತ್ತದೆ. ಹೊರಗಿನ ವಾಯುಭಾರವೇ ಗುಂಡಿಯಲ್ಲಿರುವುದನ್ನು ಪೈಪಿನೊಳಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಅದು ನೀರನ್ನು ಹೆಚ್ಚೆಂದರೆ ಸುಮಾರು 10.3 ಮೀಟರು ಎತ್ತಬಲ್ಲದು. ಮಲೆನಾಡಿನ ಎತ್ತರದಲ್ಲಿ ಇನ್ನೂ ಕಡಿಮೆ. ಕೀಲು ಸಡಿಲವಾದರೆ ಹೊಲಸು ಹೊರಗೆ ಸೋರುವ ಬದಲು ಗಾಳಿ ಒಳಗೆ ನುಗ್ಗುತ್ತದೆ. ಆದ್ದರಿಂದ ದೋಷ ಕಣ್ಣಿಗೆ ಕಾಣದು. ಕಿವಿಗೊಟ್ಟರೆ ಬುಸ್ಸೆಂಬ ಸದ್ದು ಕೇಳೀತು. ಪಂಪು ನಿಂತಾಗ ಮಾತ್ರ ಅದೇ ಕೀಲಿನಿಂದ ಹೊಲಸು ಸುರಿಯುತ್ತದೆ.

ಅಮೆರಿಕದಲ್ಲಿ ಅಡುಗೆಮನೆ, ಶೌಚಾಲಯಗಳೆಲ್ಲ ಇರುವ ಮೋಟಾರು ಮನೆಗಳಲ್ಲಿ ಜನ ಪ್ರವಾಸ ಹೋಗುತ್ತಾರೆ. ಅವುಗಳ ತೊಟ್ಟಿಯನ್ನು ಬರಿದುಮಾಡಲು ಸಾಮಾನ್ಯವಾಗಿ 3 ಅಂಗುಲದ ಪೈಪು. ಅದರ ತುದಿಯನ್ನು ವಾಹನದ ಬಾಯಿಗೆ ಇಟ್ಟು ತಿರುಗಿಸಿದರೆ ಬಿಗಿಯಾಗುತ್ತದೆ. ನಡುವೆ ರಬ್ಬರ್ ಉಂಗುರವಿರುತ್ತದೆ. ಮೊದಲು ಶೌಚದ ತೊಟ್ಟಿ, ಆಮೇಲೆ ಸ್ನಾನದ ನೀರಿನ ತೊಟ್ಟಿ. ಹೀಗೆ ಪೈಪು ತಾನೇ ತೊಳೆದುಕೊಳ್ಳುತ್ತದೆ. ವಿಹಾರಕ್ಕೆ ಹೊರಟವನು ತನ್ನ ಕೈಗೆ ತನ್ನದೇ ಹೊಲಸು ತಾಗಬಾರದೆಂದು ಇಷ್ಟು ಯೋಚಿಸಿದ್ದಾನೆ. ದಿನವೂ ಪರರ ಹೊಲಸು ತೆಗೆಯುವವನಿಗೆ ಸೈಕಲ್ ಟ್ಯೂಬು ಸಾಕೆ?

ಸುಧಾರಣೆ ಕಷ್ಟದ್ದಲ್ಲ. ಎರಡು ಸನ್ನೆಗಳನ್ನು ಮಡಿಸಿದೊಡನೆ ಬಿಗಿಯುವ ಕ್ಯಾಮ್‌ಲಾಕ್ ಎಂಬ ಕೀಲು ಉಂಟು. ಅದರೊಳಗಿನ ರಬ್ಬರ್ ಉಂಗುರ ಸವೆದರೆ ಅದನ್ನಷ್ಟೇ ಬದಲಾಯಿಸಬಹುದು. ಪೈಪು ಒಳಗೆ ಸುರುಳಿಯ ಬಲವುಳ್ಳದ್ದಿರಬೇಕು. ಮೆತ್ತನೆಯದು ನಿರ್ವಾತಕ್ಕೆ ಚಪ್ಪಟೆಯಾಗುತ್ತದೆ. ಕೆಲಸ ಮುಗಿದಾಗ ಪಂಪು ನಡೆಯುತ್ತಿರುವಂತೆಯೇ ಗುಂಡಿಯ ಕಡೆಯ ತುದಿಯನ್ನು ಮೇಲೆತ್ತಿ ಗಾಳಿ ಕುಡಿಸಿದರೆ ಪೈಪಿನಲ್ಲಿ ಉಳಿದದ್ದೂ ಲಾರಿ ಸೇರುತ್ತದೆ. ಅನಂತರ ಕೀಲು ಬಿಚ್ಚಬೇಕು. ರಸ್ತೆ ಗುಂಡಿಗಿಂತ ತಗ್ಗಿನಲ್ಲಿದ್ದರೆ ಈ ಎಚ್ಚರ ಇನ್ನೂ ಅಗತ್ಯ. ಇಲ್ಲದಿದ್ದರೆ ಪಂಪು ನಿಂತರೂ ಹೊಲಸು ತಾನಾಗಿ ಹರಿಯುತ್ತಲೇ ಇರುತ್ತದೆ. ನಮ್ಮ ಮಳೆಗೆ ಅಂಗಳದಲ್ಲಿ ಚೆಲ್ಲಿದ್ದು ಹಳ್ಳ ಸೇರಿ, ತುಂಗೆಗೋ ಭದ್ರೆಗೋ ಹೋಗಲು ತಡವಿಲ್ಲ.

ಎಲ್ಲಕ್ಕಿಂತ ದೊಡ್ಡ ಮಾತು ಪ್ರಾಣದ್ದು. ಗುಂಡಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗಿನ ಅರಿವನ್ನೇ ಕೊಲ್ಲುತ್ತದೆ. ವಾಸನೆ ಹೋಯಿತೆಂದು ಇಳಿದವನು ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಇಳಿದವನೂ ಹಾಗೆಯೇ. ರಕ್ಷಣಾ ಸಾಧನವಿಲ್ಲದೆ ಯಾರನ್ನೂ ಗುಂಡಿಗೆ ಇಳಿಸುವುದು 2013ರ ಕಾನೂನಿನಂತೆ ಅಪರಾಧ. ಇಂಥ ಸಾವಿಗೆ 2014ರಲ್ಲಿ 10 ಲಕ್ಷ ರೂಪಾಯಿ ಪರಿಹಾರ ವಿಧಿಸಿದ ಸುಪ್ರೀಂ ಕೋರ್ಟು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಎಷ್ಟು ಲಕ್ಷ ಕೊಟ್ಟರೂ ಒಬ್ಬ ತಾಯಿಗೆ ಮಗ ಹಿಂದಿರುಗಿ ಬರುವುದಿಲ್ಲ.

ಮಿತ್ರರೇ, ನಿಮ್ಮ ಮನೆಗೂ ಒಂದು ದಿನ ಆ ಲಾರಿ ಬರುತ್ತದೆ. ಆಗ ಮೂಗು ಮುಚ್ಚಿ ಒಳಗೆ ಹೋಗಬೇಡಿ. ಹೊರಗೆ ನಿಂತು ಕೀಲುಗಳನ್ನು ಒಂದೊಂದಾಗಿ ನೋಡಿ, ಕಿವಿಗೊಡಿ. ಗುಂಡಿ ಇಳಿಯದಿದ್ದರೆ ಮೊದಲು ಕೀಲು ಬಿಗಿಯಿರಿ. ಮನುಷ್ಯನನ್ನು ಮಾತ್ರ ಇಳಿಸಬೇಡಿ. ನನ್ನ ತಾಯಿಗೆ ಓದದೆ ತಿಳಿದದ್ದು, ಓದಿದ ನಮಗೆ ತಿಳಿಯದೆ ಹೋಗಬಾರದು.