ಹೆಸರು ಒಂಬತ್ತು, ಅಳತೆ ಹಲವು

ಮೊದಲ ಮಹಾಯುದ್ಧ ನಡುಹಂತ ಮುಟ್ಟುವ ಹೊತ್ತಿಗೆ ಜರ್ಮನ್ ಸೈನ್ಯದಲ್ಲಿ ಪಿಸ್ತೂಲುಗಳಿಗೆ ಬರ ಬಂದಿತ್ತು. ಲೂಗರ್ ಪಿಸ್ತೂಲುಗಳು ಸಾಲದೆ, 1916ರಲ್ಲಿ ಮೌಸರ್ ಕಂಪನಿಗೆ ಒಂದೂವರೆ ಲಕ್ಷ ಸಿ96 ಪಿಸ್ತೂಲುಗಳ ಬೇಡಿಕೆ ಹೋಯಿತು. ಸಿ96 ಮೂಲತಃ 7.63 ಎಂಎಂ ತೋಟಾ ಹಾರಿಸುವ ಆಯುಧ. ಸೈನ್ಯ ಕೇಳಿದ್ದು 9 ಎಂಎಂ. ಹೊರನೋಟಕ್ಕೆ ಎರಡೂ ಒಂದೇ ಅಚ್ಚು, ತೋಟಾಗಳ ತಳದ ದಪ್ಪವೂ ಹೆಚ್ಚುಕಡಿಮೆ ಒಂದೇ. ಕಂದಕದ ಕತ್ತಲಲ್ಲಿ ಅದಲುಬದಲಾಗದಿರಲೆಂದು ಮರದ ಹಿಡಿಯ ಮೇಲೆ ದೊಡ್ಡದಾಗಿ 9 ಎಂದು ಕೊರೆದು ಕೆಂಪು ಬಣ್ಣ ತುಂಬಿದರು. ಹಳೆಯ ಆಯುಧ ಸಂಗ್ರಹಿಸುವವರು ಅದನ್ನು ಇಂದಿಗೂ ‘ರೆಡ್ ನೈನ್’ ಎಂದೇ ಕರೆಯುತ್ತಾರೆ.

ಆದರೆ ಒಂಬತ್ತು ಎಂದು ಬರೆದರೆ ಸಾಕೇ?

1908ರಲ್ಲಿ ಬಂದ, ಜಾನ್ ಬ್ರೌನಿಂಗ್ ರೂಪಿಸಿದ .380 ಎಸಿಪಿಗೆ ಯುರೋಪಿನಲ್ಲಿ ‘9 ಎಂಎಂ ಶಾರ್ಟ್’ ಎಂಬ ಹೆಸರಿದೆ. ಅದರ ಹಿತ್ತಾಳೆ ಕವಚದ ಉದ್ದ 17 ಎಂಎಂ. ಲೂಗರ್ ಪಿಸ್ತೂಲಿನ 9 ಎಂಎಂ ಪ್ಯಾರಾಬೆಲಂ ಕವಚ 19 ಎಂಎಂ. ಇವೆರಡರ ನಡುವೆ, 18 ಎಂಎಂ ಕವಚದ ಸೋವಿಯತ್ ಮಕರೋವ್. ಸೋವಿಯತ್ ಎಂಜಿನಿಯರ್‌ಗಳು ನಳಿಗೆಯೊಳಗಿನ ಉಬ್ಬುಗೆರೆಗಳ ನಡುವಿನ ಅಂತರವನ್ನು ಲೆಕ್ಕಕ್ಕೆ ಹಿಡಿದಿದ್ದರಿಂದ ಮಕರೋವ್ ಗುಂಡಿನ ನಿಜವಾದ ವ್ಯಾಸ 9.27 ಎಂಎಂ, ಪ್ಯಾರಾಬೆಲಂನದು 9.01. ಡಬ್ಬದ ಮೇಲಿನ ಅಂಕಿಯೊಂದನ್ನೇ ನಂಬಿದವರು ಎಡವುವುದು ಇಲ್ಲೇ.

ಇಂದು ಶೂಟಿಂಗ್ ರೇಂಜ್‌ಗಳಲ್ಲಿ ಹೆಚ್ಚು ಅದಲುಬದಲಾಗುವ ಜೋಡಿಗಳಲ್ಲಿ ಒಂದು 9 ಎಂಎಂ ಮತ್ತು .40. ಎಫ್‌ಬಿಐ ಬಲವಾದ ಗುಂಡಿಗಾಗಿ ಹುಡುಕುತ್ತಿದ್ದಾಗ ಸ್ಮಿತ್ ಅಂಡ್ ವೆಸನ್ ಹಾಗೂ ವಿಂಚೆಸ್ಟರ್ ಸೇರಿ 1990ರಲ್ಲಿ ಹೊರತಂದ ತೋಟಾ .40. ಅದನ್ನು ಹಾರಿಸುವ ಗ್ಲಾಕ್ 22 ಪಿಸ್ತೂಲು, 9 ಎಂಎಂನ ಗ್ಲಾಕ್ 17 ಪಕ್ಕದಲ್ಲಿಟ್ಟರೆ ಅವಳಿಯಂತೆಯೇ ಕಾಣುತ್ತದೆ. ದಪ್ಪನೆಯ .40 ತೋಟಾ 9 ಎಂಎಂ ಚೇಂಬರಿನೊಳಗೆ ತೂರುವುದೇ ಇಲ್ಲ. ಸ್ಲೈಡ್ ಮುಚ್ಚದೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ತೊಂದರೆ ಇರುವುದು ತಿರುಗುಮುರುಗಾದಾಗ. ಸಣ್ಣ ತೋಟಾ ದೊಡ್ಡ ಚೇಂಬರಿನಲ್ಲಿ ಸಡಿಲವಾಗಿ ಕುಳಿತರೂ, ಎಕ್ಸ್‌ಟ್ರಾಕ್ಟರ್‌ನ ಕೊಕ್ಕೆ ಅದರ ಅಂಚನ್ನು ಹಿಂದಿನಿಂದ ಹಿಡಿದುಕೊಳ್ಳಬಹುದು. ಆಗ ಫೈರಿಂಗ್ ಪಿನ್ ಏಟಿಗೆ ಪ್ರೈಮರ್ ಸಿಗುತ್ತದೆ, ಗುಂಡು ಹಾರಿಯೇ ಬಿಡುತ್ತದೆ.

ಹಾರಿದ ಗುಂಡಿನ ಪಾಡು ಬೇರೆ. ನಳಿಗೆ ಅದಕ್ಕಿಂತ ಒಂದು ಮಿಲಿಮೀಟರಿಗೂ ಹೆಚ್ಚು ಅಗಲ. ಸುರುಳಿ ಗೆರೆಗಳು ಗುಂಡನ್ನು ಕಚ್ಚಿ ತಿರುಗಿಸಲಾರವು. ಅದು ಅಂಡಲೆಯುತ್ತಾ ಹೋಗಿ ಗುರಿಫಲಕಕ್ಕೆ ಅಡ್ಡಡ್ಡ ಬಡಿಯುತ್ತದೆ. ಉರಿದ ಮದ್ದಿನ ಅನಿಲ ಗುಂಡಿನ ಸುತ್ತಲಿನ ಸಂದಿಯಲ್ಲೇ ಸೋರಿಹೋಗುತ್ತದೆ. ಸುತ್ತಲೂ ಉಕ್ಕಿನ ಆಸರೆ ಇಲ್ಲದ ಹಿತ್ತಾಳೆ ಕವಚ ಉಬ್ಬುತ್ತದೆ, ಎಷ್ಟೋ ಸಲ ಉದ್ದಕ್ಕೆ ಸೀಳುತ್ತದೆ. ಬಿಸಿ ಅನಿಲವನ್ನು ಶೂಟರ್‌ನ ಮುಖದಿಂದ ದೂರ ತಡೆದಿಡಬೇಕಾದದ್ದು ಆ ಕವಚವೇ.

ಕೆಲವರು ತಪ್ಪನ್ನು ತಿಳಿದೇ ಆಹ್ವಾನಿಸಿದ್ದೂ ಉಂಟು. ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನ .455 ವೆಬ್ಲಿ ರಿವಾಲ್ವರ್‌ಗಳು ಅಮೆರಿಕದ ಮಾರುಕಟ್ಟೆಗೆ ಅಗ್ಗದಲ್ಲಿ ಬಂದವು. ಅಲ್ಲಿ .455 ತೋಟಾ ಅಪರೂಪ, .45 ಎಸಿಪಿ ಧಾರಾಳ. ವ್ಯಾಪಾರಿಗಳು ಸಿಲಿಂಡರಿನ ಹಿಂಬದಿಯನ್ನು ತುಸು ಕೆತ್ತಿ .45 ಕೂರುವಂತೆ ಮಾಡಿ ಮಾರಿದರು. ತೋಟಾ ಕೂತಿತು ನಿಜ, ಆದರೆ .45ರ ಒತ್ತಡ ವೆಬ್ಲಿಗೆ ನಿಗದಿಯಾದ ಒತ್ತಡಕ್ಕಿಂತ ಬಹಳ ಹೆಚ್ಚು.

ಬಣ್ಣ, ಬರಹಗಳಿಗಿಂತ ಗಟ್ಟಿಯಾದ ಉಪಾಯ .357 ಮ್ಯಾಗ್ನಂನಲ್ಲಿದೆ. 1935ರಲ್ಲಿ ಬಂದ ಇದು .38 ಸ್ಪೆಷಲ್‌ನ ಮಗು. ಗುಂಡಿನ ವ್ಯಾಸವೂ ಅದೇ. ಒತ್ತಡ ಮಾತ್ರ ದುಪ್ಪಟ್ಟು: ಚದರ ಅಂಗುಲಕ್ಕೆ 17,000 ಪೌಂಡ್ ಇದ್ದದ್ದು 35,000. ಹಾಗಾಗಿ ಕವಚವನ್ನು ಬೇಕೆಂದೇ ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು ಉದ್ದ ಮಾಡಿದರು. .38ರ ರಿವಾಲ್ವರ್‌ಗೆ .357 ಹಾಕಹೋದರೆ ತೋಟಾ ಪೂರ್ತಿ ಇಳಿಯದು, ಸಿಲಿಂಡರ್ ಮುಚ್ಚದು. .357ರ ರಿವಾಲ್ವರ್‌ನಲ್ಲಿ .38 ನಿರಪಾಯವಾಗಿ ಹಾರುತ್ತದೆ.

ಭಾರತದಲ್ಲಿ 9 ಎಂಎಂ ಪ್ಯಾರಾಬೆಲಂ ನಿಷೇಧಿತ ಬೋರ್. ಆತ್ಮರಕ್ಷಣೆಗೆ ಪರವಾನಗಿ ಪಡೆದವರ ಕೈಯಲ್ಲಿ ಸಾಮಾನ್ಯವಾಗಿ ಕಾಣುವುದು .32. ಇಲ್ಲೂ ಅದೇ ತೊಡಕು, ಏಕೆಂದರೆ .32 ಎರಡಿವೆ. ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯ ರಿವಾಲ್ವರ್‌ಗೆ ಬೇಕಾದದ್ದು 23 ಎಂಎಂ ಕವಚದ .32 ಲಾಂಗ್, ‘ಅಶನಿ’ ಪಿಸ್ತೂಲಿಗೆ 17 ಎಂಎಂನ .32 ಎಸಿಪಿ. ಉದ್ದದ್ದು ಪಿಸ್ತೂಲಿನ ಮ್ಯಾಗಜಿನ್‌ಗೆ ಹಿಡಿಸದು. ಆದರೆ ಗಿಡ್ಡದ್ದು .32 ಲಾಂಗ್‌ನ ಹಲವು ರಿವಾಲ್ವರ್‌ಗಳೊಳಗೆ ಸಲೀಸಾಗಿ ಜಾರಿ, ತನ್ನ ಸಣ್ಣ ಅಂಚಿನ ಮೇಲೆ ನಿಂತುಬಿಡುತ್ತದೆ. ಉದ್ದ ಕಡಿಮೆಯಾದರೂ ಒತ್ತಡದಲ್ಲಿ ಅದೇ ಮೇಲು: ಲಾಂಗ್‌ಗೆ 15,000 ಪೌಂಡ್ ಮಿತಿಯಾದರೆ ಎಸಿಪಿಗೆ 20,500.

ರೇಂಜ್‌ನಲ್ಲಿ ಪಾಲಿಸುವ ಕ್ರಮ ಸರಳ. ನಳಿಗೆಯ ಮೇಲಿನ ಬರಹ ಮತ್ತು ತೋಟಾದ ತಳದ ಬರಹ ಎರಡನ್ನೂ ತಾಳೆ ನೋಡಿ ತುಂಬುವುದು. ಬೇರೆ ಅಳತೆಯ ಡಬ್ಬವನ್ನು ಅದೇ ಮೇಜಿನ ಮೇಲೆ ಇಡದಿರುವುದು. ಸದ್ದು ಮಾಮೂಲಿಗಿಂತ ಮೆತ್ತಗೆ ಕೇಳಿದರೂ, ಹೊರಬಿದ್ದ ಕವಚ ಉಬ್ಬಿದ್ದರೂ ತಕ್ಷಣ ನಿಲ್ಲಿಸಿ, ಆಯುಧ ಖಾಲಿ ಮಾಡಿ, ನಳಿಗೆಯಲ್ಲಿ ಗುಂಡು ಸಿಕ್ಕಿಕೊಂಡಿದೆಯೇ ಎಂದು ಪರೀಕ್ಷಿಸುತ್ತಾರೆ. ಸಿಕ್ಕಿಕೊಂಡ ಗುಂಡಿನ ಹಿಂದೆಯೇ ಇನ್ನೊಂದನ್ನು ಹಾರಿಸಿದರೆ ನಳಿಗೆ ಉಬ್ಬುತ್ತದೆ, ಇಲ್ಲವೇ ಒಡೆಯುತ್ತದೆ.