ಉಸಿರೂ ಮರವೂ

ಸಂಜೆಯ ಹೊತ್ತು ನಮ್ಮಲ್ಲಿ ಅನೇಕರು ಲಾಲ್‌ಬಾಗಿಗೆ ಹೋಗಿ, ಮರಗಳ ನೆರಳಿನಲ್ಲಿ ನಡೆದು ಹಿಂದಿರುಗುವುದುಂಟು. ಯಾವ ಮರದ ಕೆಳಗೆ ಹಾದುಬಂದಿರೆಂದು ಮನೆಯಲ್ಲಿ ಮಕ್ಕಳು ಕೇಳಿದರೆ ಉತ್ತರವು ಹೊಳೆಯದು. ಕಾಲು ತೋಟದಲ್ಲಿದ್ದಿತು, ಮನಸ್ಸು ಕಚೇರಿಯ ಕಾಗದಗಳಲ್ಲಿದ್ದಿತು. ದೇಹವಿದ್ದಲ್ಲಿ ಮನಸ್ಸಿಲ್ಲದವನು ಪ್ರಕೃತಿಯ ನಡುವೆ ಇದ್ದೂ ಅದಕ್ಕೆ ಹೊರಗಿನವನೇ ಸರಿ. ಈ ಅಗಲಿಕೆಯನ್ನು ನೀಗುವ ಹಳೆಯ ಮಾರ್ಗವೊಂದನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

ಪಾಲಿ ಭಾಷೆಯ ಮಜ್ಝಿಮನಿಕಾಯದ 10ನೆಯ ಸೂತ್ರಕ್ಕೆ ಸತಿಪಟ್ಠಾನವೆಂದು ಹೆಸರು. 'ಸತಿ' ಎಂದರೆ ಸ್ಮೃತಿ, ಎಚ್ಚರ. ಬುದ್ಧನು ಕುರುದೇಶದಲ್ಲಿ ಉಪದೇಶಿಸಿದನೆನ್ನುವ ಈ ಸೂತ್ರವು ದೇಹದಿಂದಲೇ ಆರಂಭವಾಗುತ್ತದೆ. ಸಾಧಕನು ಕಾಡಿನಲ್ಲೋ ಮರದ ಬುಡದಲ್ಲೋ ಕುಳಿತು, ಉಸಿರು ದೀರ್ಘವಾಗಿದ್ದರೆ ದೀರ್ಘವೆಂದೂ ಹ್ರಸ್ವವಾಗಿದ್ದರೆ ಹ್ರಸ್ವವೆಂದೂ ಅರಿಯಬೇಕು. ಪ್ರಾಣಾಯಾಮದ ಕುಂಭಕದಂತೆ ಇಲ್ಲಿ ಉಸಿರನ್ನು ಹಿಡಿಯತಕ್ಕದ್ದಿಲ್ಲ. ತಾನಾಗಿ ಬಂದುಹೋಗುವುದನ್ನು ಗಮನಿಸಿದರೆ ಸಾಕು. ಬಳಿಕ ನಡೆ, ನಿಲುವು, ಆಸನ, ಶಯನಗಳಲ್ಲಿಯೂ ಅದೇ ಎಚ್ಚರ. ಮುಂದೆ ಪೃಥ್ವಿ, ಅಪ್ಪು, ತೇಜಸ್ಸು, ವಾಯು ಎಂಬ ನಾಲ್ಕು ಧಾತುಗಳನ್ನು ತನ್ನ ದೇಹದಲ್ಲಿಯೇ ಕಾಣಬೇಕು.

ಇದು ಬರಿಯ ಕಲ್ಪನೆಯೆ? ವಿಜ್ಞಾನವನ್ನು ಕೇಳೋಣ. ನಾವು ಒಳಕ್ಕೆಳೆಯುವ ಗಾಳಿಯಲ್ಲಿ ನೂರಕ್ಕೆ ಸುಮಾರು 21 ಪಾಲು ಆಮ್ಲಜನಕವಿದೆ. ಹೊರಬಿಟ್ಟ ಉಸಿರಿನಲ್ಲಿ ಸುಮಾರು 16. ನೂರಕ್ಕೆ 0.04 ಪಾಲಿದ್ದ ಇಂಗಾಲಾಮ್ಲ ವಾಯುವು ಆಗ ಸುಮಾರು 4 ಪಾಲಿಗೆ ಏರಿರುತ್ತದೆ. ಬಿಸಿಲಿನಲ್ಲಿ ಎಲೆಗಳು ಈ ವಾಯುವನ್ನೇ ಹೀರಿ ಆಹಾರವನ್ನು ಕಟ್ಟಿಕೊಂಡು, ಆಮ್ಲಜನಕವನ್ನು ಹೊರಬಿಡುತ್ತವೆ. ಲಾಲ್‌ಬಾಗಿನ ಬಂಡೆಯು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ಅಂತಹ ಶಿಲೆಗಳು ಸವೆದು ಮಣ್ಣಾಗಿ, ಆ ಮಣ್ಣಿನ ಸುಣ್ಣಾಂಶವು ರಾಗಿಯ ಮೂಲಕ ನಮ್ಮ ಎಲುಬನ್ನು ಸೇರುತ್ತದೆ. ಪೃಥ್ವಿಯೂ ವಾಯುವೂ ನಮ್ಮೊಳಗಿವೆಯೆಂಬುದು ಲೆಕ್ಕಕ್ಕೆ ಸಿಕ್ಕುವ ಮಾತೇ ಆಗಿದೆ.

1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ವೈದ್ಯಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ ಎಂಬವರು ಬೌದ್ಧರ ಈ ಅಭ್ಯಾಸವನ್ನು ಆಧರಿಸಿ, ದೀರ್ಘಕಾಲದ ನೋವಿನಿಂದ ಬಳಲುವವರಿಗೆ ಶಿಕ್ಷಣವನ್ನೇರ್ಪಡಿಸಿದರು. ಆದರೆ ಇದು ಔಷಧಕ್ಕೆ ಬದಲಲ್ಲ. ಕಣ್ಣು ಮುಚ್ಚಿದೊಡನೆ ಹಳೆಯ ದುಃಖವು ಕೆಲವರಲ್ಲಿ ಉಕ್ಕಿಬರುವುದುಂಟು. ಅಂಥವರು ಕಣ್ಣು ತೆರೆದು ನಡೆಯುತ್ತಲೇ ಅಭ್ಯಾಸಮಾಡುವುದು ಮೇಲು.

ನಾಳೆ ಒಂದು ಮರದ ಕೆಳಗೆ ಹತ್ತು ನಿಮಿಷ ನಿಲ್ಲಿರಿ. ಅಂಗಾಲಿಗೆ ತಾಗುವ ನೆಲವನ್ನು, ಮೂಗಿನ ತುದಿಯ ತಂಪನ್ನು ಗಮನಿಸಿರಿ. ಮನಸ್ಸು ಕಚೇರಿಗೆ ಓಡಿದರೆ ಗದರಿಸದೆ ಹಿಂದಕ್ಕೆ ಕರೆತನ್ನಿರಿ. ಮನೆಗೆ ಹೋದಾಗ ಮಕ್ಕಳಿಗೆ ಆ ಮರದ ಹೆಸರನ್ನಾದರೂ ಹೇಳಬಲ್ಲಿರಿ. ಹೆಸರರಿಯದ ಮರವನ್ನು ಕಡಿದರೆ ಯಾರಿಗೂ ನೋವಾಗದು. ತನ್ನ ಉಸಿರು ಯಾವ ಎಲೆಗಳ ಕಡೆಗೆ ಹೋಯಿತೆಂದು ಬಲ್ಲವನಿಗೆ ಮಾತ್ರ ಕೊಡಲಿಯ ಸದ್ದು ಕೇಳಿಸುತ್ತದೆ.